ಎಡಗಾಲಿನ ಕೈಗುಣ

ಜಾವಗಲ್

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವನು. ನಮ್ಮ ಕಡೆ ಹೀಗೆ ಹುಟ್ಟಿದವರಿಗೆ, ಅರ್ಜಿ ಹಾಕದೆಯೇ ಒಂದು ಉದ್ಯೋಗ ಗಂಟುಬೀಳುತ್ತದೆ. ಯಾರಿಗಾದರೂ ಸೊಂಟ ಹಿಡಿದುಕೊಂಡರೆ, ಬೆನ್ನು ಉಳುಕಿದರೆ, ಅವರು ಬಂದು ಹೊಸ್ತಿಲ ಮೇಲೆ ನಮಗೆ ಬೆನ್ನು ಹಾಕಿ ನಿಲ್ಲುತ್ತಾರೆ. ನಾವು ನೋವಿರುವ ಜಾಗವನ್ನು ಎಡಗಾಲಿನಿಂದ ಮೂರು ಸಲ ಮೆಲ್ಲಗೆ ಮುಟ್ಟಬೇಕು. ಎಣ್ಣೆ ಇಲ್ಲ, ಮಾತ್ರೆ ಇಲ್ಲ, ಮಂತ್ರವೂ ಇಲ್ಲ. ನಾನು ಅರಸೀಕೆರೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದೆ. ಅಷ್ಟು ವರ್ಷ ನನ್ನ ಕೈ ಬರೆದ ಷರಾಗಳಿಂದ ಯಾರ ಕಷ್ಟವಾದರೂ ತೀರಿತೆಂದು ನನಗೆ ನಂಬಿಕೆಯಿಲ್ಲ. ಆದರೆ ನನ್ನ ಎಡಗಾಲಿಗೆ ಹೆಸರಿತ್ತು. ಹಳೇಬೀಡಿನಿಂದ, ಬಾಣಾವರದಿಂದ, ಒಂದೊಂದು ಸಲ ಬೇಲೂರಿನಿಂದಲೂ ಜನ ಬಸ್ಸು ಹತ್ತಿಕೊಂಡು, ಸೊಂಟ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದರು.

ನನ್ನ ಹೆಂಡತಿ ಸರ್ವಮಂಗಳೆಗೆ ಇಪ್ಪತ್ತಾರು ವರ್ಷಗಳಿಂದ ಬೆನ್ನುನೋವು. ಸೊಂಟದ ಎಡಕ್ಕೆ, ಅಂಗೈಯಷ್ಟು ಜಾಗದಲ್ಲಿ. ಹಾಸನದ ಡಾಕ್ಟರು ಎಕ್ಸ್‌ರೇ ತೆಗೆಸಿ ಮೂಳೆಗೆ ಏನೂ ಆಗಿಲ್ಲ ಅಂದರು. ಮುಲಾಮು ಹಚ್ಚಿದ್ದಾಯಿತು, ಬೆಲ್ಟು ಕಟ್ಟಿದ್ದಾಯಿತು. ನನ್ನ ಕಾಲಿಗಾಗಿ ಬಂದವರು ಅವಳನ್ನು ನೋಡಿ ಗೇಲಿ ಮಾಡುತ್ತಿದ್ದರು: "ಮನೇಲೇ ಮದ್ದು ಮಡೀಕಂಡು ಒದ್ದಾಡ್ತೀರಲ್ಲ ಮಂಗಳಮ್ಮ! ಯಜಮಾನ್ರ ಕಾಲಿಗೆ ಒಂದ್ಸಲ ಬೆನ್ನು ಕೊಡಬಾರ್ದಾ?" ಅವಳು ಕಾಫಿ ತರಲು ಒಳಗೆ ಹೋಗುತ್ತಿದ್ದಳು.

ಬೆನ್ನು ಕೊಡದಿರುವುದಕ್ಕೆ ಕಾರಣವಿತ್ತು. ಆ ನೋವು ಬಂದದ್ದೇ ನನ್ನ ಕಾಲಿನಿಂದ. ಯುಗಾದಿಯ ಹಿಂದಿನ ವಾರ, ಮನೆ ಸಾರಿಸಿ ತೊಳೆಯುವ ಗಡಿಬಿಡಿಯಲ್ಲಿ ಅವಳು ಕಚೇರಿಯ ಒಂದು ನಕ್ಷೆಯನ್ನು ಎತ್ತಿಟ್ಟಿದ್ದಳು. ಮರುದಿನ ಅದನ್ನು ಸಾಹೇಬರ ಮುಂದಿಡಬೇಕಿತ್ತು. ಎಲ್ಲಿ ಎಂದು ಕೇಳಿದೆ. ಅವಳು ಕುಕ್ಕರಗಾಲಲ್ಲಿ ಕುಳಿತು ನೆಲ ಒರೆಸುತ್ತ, ತಿರುಗದೆಯೇ, "ಇಲ್ಲೇ ಎಲ್ಲೋ ಇರತ್ತೆ, ನೋಡಿ" ಅಂದಳು. ನಾನು ಹಿಂದಿನಿಂದ ಒದ್ದೆ. ಅವಳು ಮುಂದಕ್ಕೆ ಹೋಗಿ ಬಾಗಿಲ ತೋಳಿಗೆ ಬಿದ್ದಳು. ನಕ್ಷೆ ಬೀರುವಿನ ಮೇಲೇ ಇತ್ತು.

ಬಚ್ಚಲಲ್ಲಿ ಜಾರಿದೆ ಎಂದು ಊರಿಗೆಲ್ಲ ಅವಳೇ ಹೇಳಿದಳು. ನಾನು ಅದನ್ನು ತಿದ್ದಲಿಲ್ಲ. ಆಮೇಲೆ ಎಂದೂ ಅವಳ ಮೇಲೆ ಕೈ ಕಾಲು ಎತ್ತಿಲ್ಲ ಎಂಬುದನ್ನೇ ದೊಡ್ಡ ಗುಣ ಎಂದುಕೊಂಡು ಇಷ್ಟು ವರ್ಷ ಊರವರ ಬೆನ್ನು ಮುಟ್ಟಿಕೊಂಡು ಇದ್ದೆ. ನಮ್ಮಿಬ್ಬರ ನಡುವೆಯೂ ಆ ಮಾತು ಒಮ್ಮೆಯೂ ಬರಲಿಲ್ಲ. ನಾಚಿಕೆಗೇಡು ಎಂದು ಈಗ ಬರೆಯುವುದು ಸುಲಭ. ಆಗ ಅನ್ನಿಸುತ್ತಿರಲಿಲ್ಲ ಎಂಬುದೇ ನಿಜವಾದ ನಾಚಿಕೆಗೇಡು.

ವಿಯೆಟ್ನಾಂ ಪ್ರವಾಸ ನಮ್ಮ ಮಗಳ ಹಟ. ಅಮ್ಮ ಒಂದು ಸಲವಾದರೂ ವಿಮಾನ ಹತ್ತಲಿ ಎಂದು ಅವಳು ಒಂದು ಗುಂಪಿಗೆ ನಮ್ಮ ಹೆಸರು ಸೇರಿಸಿದಳು. ಮಂಗಳಾ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಚಟ್ನಿಪುಡಿ, ಹುರಿಟ್ಟು, ಬೆನ್ನಿಗೆ ಕೊಟ್ಟುಕೊಳ್ಳುವ ಪುಟ್ಟ ದಿಂಬು, ಇಷ್ಟನ್ನು ಚೀಲಕ್ಕೆ ತುಂಬಿದಳು.

ಅರಸೀಕೆರೆ

ಬೆಂಗಳೂರಿನ ರೈಲು ಅರಸೀಕೆರೆಗೆ ಬಂದಾಗ ಕಿಟಕಿಯಿಂದ ಯಾರೋ ನನ್ನನ್ನು ಕೂಗಿದರು. ಬಾಣಾವರದ ಕೊಬ್ಬರಿ ವ್ಯಾಪಾರಿ ಪುಟ್ಟಸ್ವಾಮಿ. ಅವರೂ ಅದೇ ಗುಂಪಿನವರು, ಒಬ್ಬರೇ ಹೊರಟಿದ್ದರು. ನಮಗೆ ಸೀಟು ಹಿಡಿದಿಟ್ಟಿದ್ದರು. "ಬನ್ನಿ ಶಿರಸ್ತೇದಾರ್ರೇ, ನೀವಿದ್ದೀರಿ ಅಂದ್ಮೇಲೆ ನಂಗೆ ಯೋಚ್ನೆ ಇಲ್ಲ. ಎಲ್ಲಾರೂ ಔಸ್ತಿ ತಂದವ್ರೆ, ನಾನು ನಿಮ್ ಕಾಲು ನೆಚ್ಕಂಡು ಬಂದಿವ್ನಿ" ಎಂದು ಡಬ್ಬಿಯೆಲ್ಲ ಕೇಳುವಂತೆ ನಕ್ಕರು. ಮಂಗಳಾ ದಿಂಬನ್ನು ಬೆನ್ನಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು. ತಿಪಟೂರು ದಾಟುವವರೆಗೂ ಪುಟ್ಟಸ್ವಾಮಿ ಮಾತಾಡುತ್ತಲೇ ಇದ್ದರು. ಆ ಮನುಷ್ಯನಿಗೆ ಮಾತು ನಿಂತರೆ ಉಸಿರು ನಿಂತಂತೆ ಎಂದು ನಾನು ಅಂದುಕೊಂಡೆ.

ಹನೋಯ್

ಹನೋಯಿಯಲ್ಲಿ ಊರಿಗೆ ಊರೇ ಫುಟ್‌ಪಾತಿನ ಮೇಲೆ ಕುಳಿತಿರುತ್ತದೆ. ನಮ್ಮ ಅಂಗನವಾಡಿ ಮಕ್ಕಳ ಕುರ್ಚಿಯಷ್ಟು ಎತ್ತರದ ಪ್ಲಾಸ್ಟಿಕ್ ಸ್ಟೂಲು. ದೊಡ್ಡ ದೊಡ್ಡ ಗಂಡಸರು, ಟೈ ಕಟ್ಟಿದವರು, ಅಜ್ಜಿಯರು, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಬಟ್ಟಲಿನಿಂದ ಬಿಸಿ ಸಾರು ಹೀರುತ್ತಾರೆ. ಅರಸೀಕೆರೆ ಬಸ್ ಸ್ಟ್ಯಾಂಡಿನ ಹೋಟೆಲುಗಳಲ್ಲಿ ನಿಂತು ತಿಂದು ಕೈ ತೊಳೆಯುವ ನಮಗೆ ಇದು ಸೋಜಿಗ. ಯಾರಿಗೂ ಏಳುವ ಆತುರವಿಲ್ಲ.

ಮಂಗಳಾ ಆ ಸ್ಟೂಲಿನ ಮೇಲೆ ಕೂರಲಾರಳು. ಬಾಗಿದರೆ ಏಳಲಾಗುವುದಿಲ್ಲ. ಹೋದಲ್ಲೆಲ್ಲ ಅವಳು ಗೋಡೆಗೆ ಒರಗಿ ನಿಂತು, ನಾವು ತಿಂದು ಮುಗಿಸುವುದನ್ನು ಕಾದಳು. ಒಬ್ಬ ಅಂಗಡಿಯಾಕೆ ಓಡಿಹೋಗಿ ಪಕ್ಕದ ಮನೆಯಿಂದ ಎತ್ತರದ ಮರದ ಕುರ್ಚಿ ತಂದು, ಅವಳ ಭುಜ ಹಿಡಿದು ಕೂರಿಸಿದಳು. ನಮ್ಮಲ್ಲಿ ಗುರುತಿಲ್ಲದವರ ಮೈ ಹೀಗೆ ಯಾರೂ ಮುಟ್ಟುವುದಿಲ್ಲ. ಮಂಗಳಾ ಬೆಚ್ಚಿಬಿದ್ದಳು, ಆಮೇಲೆ ಆ ಹೆಂಗಸಿಗೆ ಕೈ ಮುಗಿದಳು. ಇಡೀ ಬೀದಿಗೆ ಎತ್ತರವಾಗಿ ಒಬ್ಬಳೇ ಕುಳಿತು ಚಟ್ನಿಪುಡಿ ಅನ್ನ ತಿಂದಳು. ಆ ಕುರ್ಚಿಯನ್ನು ಕೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ.

ಮೂರು ದಿನವೂ ಮಳೆ. ನಮ್ಮ ಮಳೆಯ ಹಾಗೆ ಬಂದು ಸುರಿದು ಹೋಗುವುದಲ್ಲ. ಇದು ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಜಿನುಗುತ್ತದೆ. ಮೋಟಾರ್ ಸೈಕಲ್ಲಿನವರು ಇಡೀ ಸಂಸಾರವನ್ನು ಒಂದೇ ರೈನ್‌ಕೋಟಿನೊಳಗೆ ಮುಚ್ಚಿಕೊಂಡು ಹೋಗುತ್ತಾರೆ. ಮುಂದೆ ಅಪ್ಪನ ತಲೆ ಮಾತ್ರ ಕಾಣುತ್ತದೆ, ಹಿಂದೆ ಹೆಂಡತಿಯ, ಮಕ್ಕಳ ಕಾಲುಗಳು. ಪುಟ್ಟಸ್ವಾಮಿಗೆ ಅದನ್ನು ನೋಡಿ ನಗು ತಡೆಯಲಾಗಲಿಲ್ಲ. ನನಗೆ ಯಾಕೋ ನಗು ಬರಲಿಲ್ಲ.

ಹ್ವೇ, ಗುಡಿಯ ಹೊಸ್ತಿಲು

ಹ್ವೇ ಒಂದು ಕಾಲದಲ್ಲಿ ರಾಜರ ಊರು. ಈಗ ಕೋಟೆಯ ಸುತ್ತ ಅಗಳು ಉಳಿದಿದೆ, ಅದರಲ್ಲಿ ತಾವರೆ ಎಲೆ ಕೊಳೆಯುತ್ತಿದೆ. ಒಳಗಿನ ಅರಮನೆಯ ಬಹುಭಾಗ ಬರೀ ತಳಪಾಯ. ಹಳೇಬೀಡಿನ ಕೆರೆ ಏರಿಯ ಮೇಲೆ ನಿಂತು, ಇಲ್ಲಿ ರಾಜಧಾನಿ ಇತ್ತಂತೆ ಎಂದು ನೆಂಟರಿಗೆ ತೋರಿಸುತ್ತೇವಲ್ಲ, ಆ ಹಳೆಯ ಪೆಚ್ಚುತನವೇ ಇಲ್ಲೂ ನನ್ನನ್ನು ಹಿಡಿದುಕೊಂಡಿತು. ಆದರೆ ಹಳೇಬೀಡಿನಲ್ಲಿ ಬಿಸಿಲಾದರೂ ಇರುತ್ತದೆ.

ನದಿಯ ದಂಡೆಯಲ್ಲಿ ಏಳು ಅಂತಸ್ತಿನ ಗೋಪುರದ ಬೌದ್ಧ ಗುಡಿಯೊಂದಿದೆ. ದೋಣಿಯಿಂದ ಇಳಿದು ಮೆಟ್ಟಿಲು ಹತ್ತಿದೆವು. ಪುಟ್ಟಸ್ವಾಮಿ ಕೆಳಗೆ ಬಿದ್ದ ಫೋನು ಎತ್ತಿಕೊಳ್ಳಲು ಬಗ್ಗಿದವರು ಹಾಗೇ ನಿಂತುಬಿಟ್ಟರು. "ಅಯ್ಯಯ್ಯಪ್ಪಾ! ಹಿಡ್ಕಂತು ಶಿರಸ್ತೇದಾರ್ರೇ, ಹಿಡ್ಕಂತು!" ನಾನೂ ಗುಂಪಿನ ಇನ್ನೊಬ್ಬರೂ ಹಿಡಿದು ಅಷ್ಟಿಷ್ಟು ಎತ್ತಿ ನಿಲ್ಲಿಸಿದೆವು. ಗುಡಿಯ ಬಾಗಿಲಿಗೆ ಮೊಣಕಾಲೆತ್ತರದ ಮರದ ಹೊಸ್ತಿಲಿತ್ತು. ಅದನ್ನು ಕಂಡದ್ದೇ ಅವರಿಗೆ ದೇವರು ಕಂಡಷ್ಟು ಸಂತೋಷ. "ನೋಡಿ, ಹೊಸ್ಲು ಇಲ್ಲೇ ಐತೆ! ಮುಟ್ಬುಡಿ" ಎಂದು ನರಳುತ್ತಲೇ ಅದರ ಮೇಲೆ ಹತ್ತಿ ಬೆನ್ನು ತೋರಿಸಿ ನಿಂತರು.

ನಾನು ಚಪ್ಪಲಿ ಬಿಟ್ಟು ಎಡಗಾಲು ಎತ್ತಿದೆ. ಒಂದು ಸಲ ಮುಟ್ಟಿದೆ. ಎರಡನೆಯ ಸಲ ಎತ್ತುವಷ್ಟರಲ್ಲಿ ಹಿಂದಿನಿಂದ ಕಿರುಚಾಟ. ಊದುಬತ್ತಿ ಮಾರುವ ಮುದುಕಿಯೊಬ್ಬಳು ಛತ್ರಿಯಿಂದ ನನ್ನ ಮೀನಖಂಡಕ್ಕೆ ಬಾರಿಸಿದಳು. ಬೂದು ಬಣ್ಣದ ನಿಲುವಂಗಿಯ ಸನ್ಯಾಸಿಯೊಬ್ಬ ಓಡಿ ಬಂದ. ಹೊಸ್ತಿಲ ಮೇಲೆ ನಿಲ್ಲುವುದು ಅಲ್ಲಿ ಅಪರಾಧ, ದೇವರ ಎದುರಿಗೆ ಒಬ್ಬ ಮನುಷ್ಯನಿಗೆ ಕಾಲು ಎತ್ತುವುದು ಅದಕ್ಕಿಂತ ದೊಡ್ಡ ಅಪರಾಧ. ನಾವು ಒಂದೇ ಏಟಿಗೆ ಎರಡನ್ನೂ ಮಾಡಿದ್ದೆವು. ನಮ್ಮ ಗೈಡು ಮಾಯ್ ಐವತ್ತರ ಹೆಂಗಸು, ಇಂಗ್ಲಿಷ್ ಬಲ್ಲವಳು. ಎಲ್ಲರಿಗೂ ಬಾಗಿ ಬಾಗಿ ಕ್ಷಮೆ ಕೇಳಿ ನಮ್ಮನ್ನು ಮರದ ಕೆಳಗೆ ಎಳೆದುಕೊಂಡು ಹೋದಳು. ಇದು ಒದೆಯುವುದಲ್ಲ, ಚಿಕಿತ್ಸೆ ಎಂದು ನಾನು ನನ್ನ ಕಚೇರಿ ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ನಂಬಲಿಲ್ಲ. ನಮ್ಮಲ್ಲಿ ಇನ್ನೊಬ್ಬರ ಕಡೆ ಕಾಲೆತ್ತುವುದು ಒದೆಯುವುದಕ್ಕೆ ಮಾತ್ರ ಅಂದಳು.

"ಏನಂತೆ?" ಎಂದು ಮಂಗಳಾ ಕೇಳಿದಳು. ಅವಳು ಅಷ್ಟು ಹೊತ್ತೂ ನೀಲಿ ರೈನ್‌ಕೋಟಿನೊಳಗೆ ದೂರದಲ್ಲಿ ನಿಂತು ನೋಡುತ್ತಿದ್ದಳು. ನಾನು ಹೇಳಿದೆ.

"ನಮ್ಮಲ್ಲೂ ಅಷ್ಟೇ ಅನ್ನಿ" ಅಂದಳು.

ಪುಟ್ಟಸ್ವಾಮಿ ನರಳಾಟದಲ್ಲಿ ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ನನಗೆ ಮೀನಖಂಡದ ಉರಿಯೂ ಮರೆತುಹೋಯಿತು. ಇಪ್ಪತ್ತಾರು ವರ್ಷದಲ್ಲಿ ಅವಳು ಅದರ ಬಗ್ಗೆ ಆಡಿದ ಮೊದಲ ಮಾತು ಅದು.

ಹ್ವೇ, ಲಾನಳ ಕೈ

ಪುಟ್ಟಸ್ವಾಮಿಯ ಬೆನ್ನು ನನ್ನ ಕಾಲಿಗೆ ಬಗ್ಗಲಿಲ್ಲ. ಮುಟ್ಟಿದ್ದು ಒಂದೇ ಸಲ, ಮೂರಾಗಲಿಲ್ಲ, ಅದಕ್ಕೇ ಎಂದು ಅವರೇ ನನಗೆ ಸಮಾಧಾನ ಹೇಳಿದರು. ಮಾಯ್ ನಮ್ಮನ್ನು ಒಂದು ಓಣಿಗೆ ಕರೆದುಕೊಂಡು ಹೋದಳು. ಅಲ್ಲಿ ಕಣ್ಣು ಕಾಣದವರು ಕೈಯಿಂದ ಮೈ ನೀವಿ ನೋವು ಇಳಿಸುವ ಮನೆಯೊಂದಿತ್ತು. ಆ ದೇಶದಲ್ಲಿ ಕಣ್ಣಿಲ್ಲದವರು ಅನೇಕರು ಈ ಕೆಲಸ ಕಲಿಯುತ್ತಾರಂತೆ. ಮಂಗಳೆಯ ನಡಿಗೆ ನೋಡಿಯೇ ಮಾಯ್ ಹಟ ಹಿಡಿದಳು: ಅಮ್ಮನೂ ತೋರಿಸಿಕೊಳ್ಳಲಿ.

ಒಳಗೆ ಸಂಜೆಯಂಥ ಕತ್ತಲೆ. ಅವರಿಗೆ ದೀಪ ಬೇಕಿಲ್ಲವಲ್ಲ. ಹೋದವನೇ ನಾನು ಒಂದು ಬಕೆಟ್ಟನ್ನು ಎಡವಿದೆ. ಯಾರೋ ನಕ್ಕು ಸ್ವಿಚ್ಚು ಒತ್ತಿದರು. ಪುಟ್ಟಸ್ವಾಮಿಯನ್ನು ಮುಂದಿನ ಕೋಣೆಯಲ್ಲಿ ಒಬ್ಬ ಗಂಡಸು ಮಂಚಕ್ಕೆ ಹತ್ತಿಸಿದ. ಅಲ್ಲಿ ರೇಡಿಯೋ ಜೋರಾಗಿ ಹಾಡುತ್ತಿತ್ತು. ಮಂಗಳೆಯನ್ನು ಒಳಕೋಣೆಗೆ ಕರೆದರು. ಡಾಕ್ಟರನ್ನು ಬಿಟ್ಟರೆ ಅವಳ ಬೆನ್ನನ್ನು ಪರರು ಮುಟ್ಟಿದ್ದು ಬಾಣಂತನದಲ್ಲಿ ಎಣ್ಣೆನೀರು ಹಾಕಿದವಳೇ ಕೊನೆ. "ನೀವೂ ಬನ್ನಿ, ನಂಗೆ ಭಯ" ಅಂದಳು. ಹೋಗಿ ಒಂದು ಮೂಲೆಯಲ್ಲಿ ಕುಳಿತೆ.

ನೀವುವವಳ ಹೆಸರು ಲಾನ್. ನಲವತ್ತೈದರ ಆಸುಪಾಸು, ಕತ್ತರಿಸಿದ ಕೂದಲು, ಮಡಿಸಿದ ತೋಳು. ಮಂಗಳೆಗೆ ಅಲ್ಲಿಯ ಸಡಿಲ ಪಾಯಿಜಾಮ ಅಂಗಿ ಕೊಟ್ಟು ಬೋರಲು ಮಲಗಿಸಿದರು. ಮಂಚದ ತಲೆಯ ಕಡೆ ಮುಖ ಇಡಲು ಒಂದು ತೂತು. ಮಾಯ್ ತನ್ನ ಫೋನಿನಲ್ಲಿ ಭಾಷೆ ಬದಲಿಸುವ ಯಂತ್ರವನ್ನು ಹಚ್ಚಿ, ಆ ಕಡೆಯಿಂದ ಅವರ ಭಾಷೆ, ಈ ಕಡೆಯಿಂದ ಕನ್ನಡ ಎಂದು ತೋರಿಸಿ, ಮಂಚದ ಅಂಚಿನಲ್ಲಿಟ್ಟು ಹೋದಳು.

ಮಸಾಜು ಅಂದರೆ ಗುದ್ದುವುದು, ಹಿಂಡುವುದು ಎಂದು ನಾನು ತಿಳಿದಿದ್ದೆ. ಲಾನ್ ಒತ್ತಲೇ ಇಲ್ಲ. ಎರಡೂ ಅಂಗೈಯನ್ನು ಮಂಗಳೆಯ ಹೆಗಲ ಕೆಳಗೆ ಇಟ್ಟಳು, ಇಟ್ಟು ಸುಮ್ಮನಿದ್ದಳು. ಮಂಗಳೆಯ ಉಸಿರು ಏರಿದರೆ ಆ ಕೈ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಎರಡು ಬೆರಳಿನಷ್ಟು ಕೆಳಗೆ ಜರುಗಿ ಮತ್ತೆ ನಿಂತಿತು. ನಿದ್ದೆ ಹೋದ ಮಗುವಿನ ಕೆಳಗಿನಿಂದ ಬಟ್ಟೆ ಎಳೆದುಕೊಳ್ಳುವಾಗ ತಾಯಂದಿರು ಹೀಗೆ ಮಾಡುತ್ತಾರೆ. ಮಂಗಳೆಯ ಮುಷ್ಟಿ ಮಾತ್ರ ಮಂಚದ ಅಂಚನ್ನು ಹಿಡಿದೇ ಇತ್ತು.

ಸೊಂಟದ ಎಡಕ್ಕೆ, ಆ ಜಾಗಕ್ಕೆ ಕೈ ಬಂದಾಗ ಲಾನ್ ತಲೆ ಓರೆ ಮಾಡಿದಳು. ಏನೋ ಕೇಳಿದಳು. ಫೋನು ಆಕಾಶವಾಣಿಯವರ ಸ್ಪಷ್ಟತೆಯಲ್ಲಿ ಕನ್ನಡ ನುಡಿಯಿತು: "ಇದು ಬಹಳ ಹಳೆಯದು. ಇಲ್ಲಿ ಏನು ಬಂದು ತಗುಲಿತು?"

ಬಚ್ಚಲು ಅನ್ನುತ್ತಾಳೆ ಎಂದು ನಾನು ಕಾದೆ. ಫೋನಿನ ಮೇಲೆ ಬೆಳಕಿನ ಚುಕ್ಕಿ ಕುಣಿಯುತ್ತ ಉತ್ತರ ಕೇಳುತ್ತಿತ್ತು. ಲಾನಳ ಕೈ ಅಲ್ಲೇ ಇತ್ತು. ಹೊರಗೆ ಮಳೆ. ಇದು ಪರದೇಶ, ಈಕೆಗೆ ನಾನು ಕಾಣಿಸುವುದೂ ಇಲ್ಲ, ನಾಡಿದ್ದು ಇಲ್ಲಿರುವುದೂ ಇಲ್ಲ. ಧೈರ್ಯ ಅಂತ ಆಗ ಅನ್ನಿಸಿತು, ಈಗ ನೋಡಿದರೆ ಅದು ಬರೀ ಸುರಕ್ಷಿತ ಜಾಗ ಸಿಕ್ಕ ಸಂತೋಷ. ಫೋನಿನ ಹತ್ತಿರ ಬಗ್ಗಿ, ಗಂಟಲು ಸರಿಮಾಡಿಕೊಂಡು, "ನಾನು ಒದ್ದೆ" ಅಂದೆ.

ಫೋನು ಅವರ ಭಾಷೆಯಲ್ಲಿ ಒಂದು ಮಾತಾಡಿತು. ಲಾನ್ "ಆ!" ಎಂದು ನಕ್ಕಳು. ಒಂದು ಕೈಯನ್ನು ಮಂಗಳೆಯ ಬೆನ್ನ ಮೇಲೇ ಇಟ್ಟುಕೊಂಡು, ಇನ್ನೊಂದನ್ನು ಚಾಚಿ ನನ್ನ ಅಂಗಿಯ ತೋಳನ್ನು ಹುಡುಕಿ, ಹಿಸುಕಿ ನೋಡಿ, ಒಳಗೆ ಯಾರನ್ನೋ ಕೂಗಿದಳು. ಒಬ್ಬಾಕೆ ಗೋಡೆ ಹಿಡಿದುಕೊಂಡು ಬಂದು ನನ್ನ ಮಡಿಲಿಗೆ ಒಣ ಟವೆಲ್ಲೊಂದನ್ನು ಇಟ್ಟು ಹೋದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಭಾಷೆಯಲ್ಲಿ ಕಾಲೆತ್ತಿದವನೂ ಒದ್ದೆ ಅನ್ನುತ್ತಾನೆ, ಮಳೆಯಲ್ಲಿ ನೆನೆದವನೂ ಒದ್ದೆ ಅನ್ನುತ್ತಾನೆ. ಯಂತ್ರ ನನ್ನನ್ನು ನೆನೆದವನೆಂದು ತಿಳಿಯಿತು. ನಿಜಕ್ಕೂ ನೆನೆದೇ ಇದ್ದೆ.

ಇನ್ನೊಂದು ಮಾತು ಹೇಳಿ ತಿದ್ದಬಹುದಿತ್ತು. ನಾನು ಟವೆಲ್ಲು ಬಿಡಿಸಿ ತಲೆ ಒರೆಸಿಕೊಂಡೆ, ಕುತ್ತಿಗೆ ಒರೆಸಿಕೊಂಡೆ, ಕನ್ನಡಕವನ್ನೂ ಒರೆಸಿದೆ. ಮಂಗಳೆಯ ಭುಜ ಅಲುಗುತ್ತಿತ್ತು. ಮುಖ ತೂತಿನೊಳಗಿದ್ದುದರಿಂದ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಲಾನಳಿಗೆ ಕೈಯಿಂದ ತಿಳಿದಿರಬೇಕು, ತನ್ನ ನಗುವನ್ನು ನಿಲ್ಲಿಸಿದಳು.

ಹ್ವೇ, ಹೋಟೆಲಿನ ಊಟದ ಕೋಣೆ

ಆ ಸಂಜೆ ಹೋಟೆಲಿನಲ್ಲಿ ಮಾಂಸವಿಲ್ಲದ ಊಟ. ಅವತ್ತು ಹುಣ್ಣಿಮೆಯಂತೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಆ ಊರಿನ ಎಷ್ಟೋ ಮನೆಗಳಲ್ಲಿ ಸೊಪ್ಪು, ಹುರುಳಿಕಾಯಿ, ಸೋಯಾ ಬಿಟ್ಟು ಬೇರೇನೂ ಬೇಯಿಸುವುದಿಲ್ಲ. ನಮ್ಮ ಸೋಮವಾರ ಶನಿವಾರಗಳ ಹಾಗೆ. ಪುಟ್ಟಸ್ವಾಮಿ ಅರ್ಧ ನೆಟ್ಟಗಾಗಿದ್ದರು. ಇನ್ನೊಂದು ಸಲ ಹೋದರೆ ಪೂರ್ತಿ ನೆಟ್ಟಗಾಗ್ತೀನಿ ಎಂದು ಎಲ್ಲರ ಟೇಬಲ್ಲಿಗೂ ಹೋಗಿ ಹೇಳಿ ಬೇಗ ಮಲಗಲು ಹೋದರು. ನಾವಿಬ್ಬರೇ ಉಳಿದೆವು.

"ಚೆನ್ನಾಗಿ ಒರೆಸ್ಕೊಂಡ್ರಾ?" ಅಂದಳು ಮಂಗಳಾ.

ನಾನು ತಟ್ಟೆ ನೋಡಿದೆ. "ಆ ಯಂತ್ರ ತಪ್ಪು ತಿಳೀತು ಕಣೇ. ನಾನು ಹೇಳಿದ್ನಲ್ಲ."

"ಹೂಂ. ಇಪ್ಪತ್ತಾರು ವರ್ಷ ಆದ್ಮೇಲೆ ಬಾಯಿ ಬಿಟ್ರಿ. ಅದೂ ಒಂದು ಫೋನಿಗೆ."

"ನಿನಗೆ ಕೇಳಿಸ್ತಲ್ಲ. ಸಾಲದಾ?"

"ನಂಗೆ ಗೊತ್ತಿರೋದನ್ನೇ ನಂಗೆ ಹೇಳಿದ್ರೆ ಏನ್ ಬಂತು?" ಅವಳ ದನಿ ಏರಲಿಲ್ಲ. "ಬಚ್ಚಲಲ್ಲಿ ಜಾರಿದೆ ಅಂತ ಎಷ್ಟು ಜನಕ್ಕೆ ಹೇಳಿದೀನಿ ಗೊತ್ತಾ? ಡಾಕ್ಟ್ರಿಗೆ ಹೇಳ್ದೆ. ನಮ್ಮಮ್ಮಂಗೆ ಹೇಳ್ದೆ, ಅವ್ಳು ಅದನ್ನೇ ನಂಬ್ಕೊಂಡು ಸತ್ಲು. ಮಗಳಿಗೆ ಹೇಳ್ದೆ. ಒಂದೇ ಒಂದ್ಸಲ ನೀವು ಅಡ್ಡ ಬಾಯಿ ಹಾಕಿ, ಇಲ್ಲ, ಬಚ್ಚಲಲ್ಲ ಅಂತೀರೇನೋ ಅಂತ ಕಾದೆ. ಇವತ್ತು ಆ ಲಾನ್ ಕೇಳಿದ್ಲು ನೋಡಿ, ಆಗ ನಂಗೆ ಬಚ್ಚಲು ಅನ್ನಕ್ಕೆ ನಾಲಿಗೆ ಬರ್ಲಿಲ್ಲ. ಸಾಕಾಗಿದೆ."

ಕ್ಷಮಿಸು ಅನ್ನಬೇಕು ಅನ್ನಿಸಿತು. ಆ ಪದವನ್ನು ನಾನು ಮನೆಯಲ್ಲಿ ಎಂದೂ ಬಳಸಿದವನಲ್ಲ. "ನಾಳೆ ಸರಿಯಾಗಿ ಹೇಳ್ತೀನಿ" ಅಂದೆ.

"ಹೇಳಿ" ಅಂದಳು. ನಂಬಿದ ಹಾಗೇನೂ ಕಾಣಲಿಲ್ಲ.

ಹ್ವೇ, ಮಾರನೆಯ ದಿನ

ಗುಂಪಿನವರು ರಾಜರ ಸಮಾಧಿಗಳನ್ನು ನೋಡಲು ಬಸ್ಸು ಹತ್ತಿದರು. ನಾವಿಬ್ಬರೂ ಉಳಿದೆವು. ನಾನು ಹೋಟೆಲಿನ ಕಾಗದದ ಮೇಲೆ ವಾಕ್ಯ ಬರೆಯಲು ಕುಳಿತೆ. ಯಂತ್ರಕ್ಕೆ ಎರಡರ್ಥವಾಗಬಾರದು. ಮೂವತ್ತು ವರ್ಷ ಟಿಪ್ಪಣಿ ಬರೆದ ಕೈ. ಮೊದಲ ಸಲ "ಆಕಸ್ಮಿಕವಾಗಿ ಕಾಲು ತಗುಲಿದ ಕಾರಣ" ಎಂದು ಬಂತು. ಹೊಡೆದುಹಾಕಿದೆ. ಎರಡನೆಯ ಸಲ "ಸದರಿಯವರ ಬೆನ್ನಿಗೆ ಒದೆಯಲಾಗಿರುತ್ತದೆ" ಎಂದು ಬಂತು. ಯಾರು ಒದ್ದರು ಎಂದು ಹೇಳದೆಯೇ ವಾಕ್ಯ ಮುಗಿಸುವ ವಿದ್ಯೆಯಲ್ಲಿ ನಾವು ಕಚೇರಿಯವರು ನಿಪುಣರು. ಅದನ್ನೂ ಹೊಡೆದುಹಾಕಿದೆ. ಮಂಗಳಾ ತಲೆ ಬಾಚಿಕೊಳ್ಳುತ್ತ ಕನ್ನಡಿಯಲ್ಲಿ ನೋಡುತ್ತಿದ್ದಳು. ಕೊನೆಗೆ ಮಗು ಬರೆಯುವಂಥ ಮೂರು ವಾಕ್ಯ ಉಳಿದವು.

ಆ ಮನೆಗೆ ಹೋದಾಗ ರೇಡಿಯೋ ಹಾಡುತ್ತಿರಲಿಲ್ಲ. ಮುಂದಿನ ಕೋಣೆಗೆ ಸುಣ್ಣ ಬಳಿಯುತ್ತಿದ್ದರು. ಒಳಕೋಣೆಯ ನಡುವೆ ಒಂದು ಪರದೆ ಎಳೆದು ಎರಡು ಭಾಗ ಮಾಡಿದ್ದರು. ಮಂಗಳಾ ಬೋರಲು ಮಲಗಿದಳು, ಲಾನ್ ಕೈ ಇಟ್ಟಳು. ನಾನು ನನ್ನ ಫೋನಿನಲ್ಲಿ ಆ ಯಂತ್ರವನ್ನು ಹಚ್ಚಿ, ಕಾಗದ ನೋಡಿ ಓದಿದೆ.

"ನಾನು ಇವಳ ಗಂಡ. ಇವಳು ನೆಲ ಒರೆಸುತ್ತಿದ್ದಾಗ ನಾನು ಹಿಂದಿನಿಂದ ಬಂದು ನನ್ನ ಎಡಗಾಲಿನಿಂದ ಇವಳ ಬೆನ್ನಿಗೆ ಹೊಡೆದೆ. ನೋವು ಆ ದಿನದಿಂದ ಇದೆ."

ಪರದೆಯಾಚೆ ಯಾರೋ ಕೆಮ್ಮಿದರು. ಫೋನು ಮೂರು ವಾಕ್ಯಗಳನ್ನೂ ಅವರ ಭಾಷೆಗೆ ತಿರುಗಿಸಿತು. ಲಾನ್ ಇನ್ನೊಮ್ಮೆ ಎಂಬಂತೆ ಬೆರಳು ಆಡಿಸಿದಳು. ನಾನು ಗುಂಡಿ ಒತ್ತಿ ಇನ್ನೊಮ್ಮೆ ಕೇಳಿಸಿದೆ. ಈ ಸಲ ಟವೆಲ್ಲು ಬರಲಿಲ್ಲ. ಅವಳು ಎರಡೂ ಅಂಗೈಗಳನ್ನು ಆ ಜಾಗದ ಮೇಲೆ ಮುಚ್ಚಿದಂತೆ ಇಟ್ಟು, ನನ್ನ ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿ, ಒಂದೇ ಮಾತು ಹೇಳಿದಳು.

"ದಯವಿಟ್ಟು ನೀವು ಹೊರಗೆ ಇರಿ" ಅಂದಿತು ಫೋನು.

ಯಂತ್ರಕ್ಕೆ ಏಕವಚನ ಬರುವುದಿಲ್ಲ. ಲಾನ್ ಯಾವ ವಚನದಲ್ಲಿ ಹೇಳಿದ್ದಳೋ, ದಯವಿಟ್ಟು ಅಂದಿದ್ದಳೋ ಇಲ್ಲವೋ. ನಾನು ಎದ್ದು ಹೋದೆ.

ಓಣಿಯಲ್ಲಿ ಮಾಡಿನ ಕೆಳಗೆ ಎರಡು ಪ್ಲಾಸ್ಟಿಕ್ ಸ್ಟೂಲುಗಳಿದ್ದವು. ಒಂದರ ಮೇಲೆ ಕುಳಿತೆ. ಎದುರಿನ ಮನೆಯ ಮುಂದೆ ಒಬ್ಬಾಕೆ ಕೆಂಪು ಕಾಗದಗಳನ್ನು ಡಬ್ಬದಲ್ಲಿ ಸುಡುತ್ತಿದ್ದಳು. ಸತ್ತ ಹಿರಿಯರಿಗೆ ಇಲ್ಲಿ ಹಾಗೆ ಕಾಗದದ ಬಟ್ಟೆಬರೆ ಸುಟ್ಟು ಕಳುಹಿಸುತ್ತಾರೆ ಎಂದು ಮಾಯ್ ಹೇಳಿದ್ದು ನೆನಪಾಯಿತು. ಮಳೆಗೆ ಕಾಗದ ಹತ್ತಿಕೊಳ್ಳುತ್ತಿರಲಿಲ್ಲ, ಅವಳು ಬಿಡುತ್ತಲೂ ಇರಲಿಲ್ಲ. ಒಂದರ್ಧ ಗಂಟೆಯಾಗಿರಬೇಕು. ಬಾಗಿಲು ತೆರೆಯಿತು. ಮಂಗಳಾ ಎಂದು ಎದ್ದೆ. ಪುಟ್ಟಸ್ವಾಮಿ.

ಅವರು ಸಮಾಧಿ ನೋಡಲು ಹೋಗಿರಲಿಲ್ಲ. ಬೆನ್ನಿಗಾಗಿ ಉಳಿದುಕೊಂಡು, ನಮಗಿಂತ ಮೊದಲೇ ಬಂದು ಪರದೆಯಾಚೆ ಮಲಗಿದ್ದರು. ನೆಟ್ಟಗೆ ನಡೆದು ಬಂದು ಇನ್ನೊಂದು ಸ್ಟೂಲಿನ ಮೇಲೆ ಕುಳಿತರು. ಆ ಮನುಷ್ಯ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿರಲೇ ಇಲ್ಲ.

"ನಮ್ಮವ್ವನ್ನ ಕರ್ಕಂಡ್ ಬಂದಿದ್ದೆ ನಿಮ್ಮನೆಗೆ" ಅಂದರು ಕೊನೆಗೆ. "ಗ್ಯಾನ ಐತಾ?"

"ಇದೆ."

"ಹೊಸ್ಲು ಮ್ಯಾಲೆ ನಿಂತ್ಕಳಕ್ಕಾಗಲ್ಲ ಅಂತ ನಾನೇ ಎತ್ತಿ ಹಿಡ್ಕಂಡಿದ್ದೆ. ನೀವು ಮುಟ್ಟಿದ್ಮ್ಯಾಲೆ ಅವ್ವ ನಿಮ್ ಕಾಲಿಗೆ ಬಿದ್ಲು." ಅವರು ನನ್ನ ಕಾಲನ್ನೇ ನೋಡುತ್ತಿದ್ದರು. "ಅದೇ ಕಾಲಾ ಶಿರಸ್ತೇದಾರ್ರೇ?"

"ಅದೇ ಕಾಲು."

ಇನ್ನೇನೋ ಕೇಳುತ್ತಾರೆ ಎಂದು ಕಾದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ತೊಡೆ ಮೇಲೆ ಕೈಯೂರಿ ಎದ್ದರು. "ಬತ್ತೀನಿ" ಅಂದು, ಛತ್ರಿಯನ್ನೂ ಬಿಚ್ಚದೆ ಓಣಿ ಇಳಿದು ಹೋದರು. ನಾನು ಊರು ಸೇರುವ ಮೊದಲೇ ಈ ಸುದ್ದಿ ಬಾಣಾವರ ಸೇರುತ್ತದೆ ಎಂದು ಗೊತ್ತಾಯಿತು. ಅಲ್ಲಿಂದ ಹಳೇಬೀಡಿಗೆ ಎಷ್ಟು ಹೊತ್ತು? ಅಂಗಳದಲ್ಲಿ ನಿಂತು ಸೊಂಟ ಹಿಡಿದುಕೊಂಡ ಯಾರನ್ನೂ ಇನ್ನು ನಾನು ಕಾಣುವುದಿಲ್ಲ. ಅದಕ್ಕಾಗಿ ಆದ ಸಂಕಟವನ್ನು ಬರೆಯಲು ಹೇಸಿಗೆಯಾಗುತ್ತದೆ, ಆದರೆ ಆಯಿತು.

ಮಂಗಳಾ ಬಂದಾಗ ಕೆಂಪು ಕಾಗದಗಳೆಲ್ಲ ಬೂದಿಯಾಗಿದ್ದವು. ಅವಳು ತನ್ನ ಸೀರೆ ಉಟ್ಟಿದ್ದಳು. ಕೆನ್ನೆಯ ಮೇಲೆ ಮಂಚದ ತೂತಿನ ಗುರುತು ಕಮಾನಿನ ಹಾಗೆ ಮೂಡಿತ್ತು, ಕಣ್ಣು ಊದಿಕೊಂಡಿತ್ತು. ಲಾನ್ ಬಾಗಿಲವರೆಗೆ ಅವಳ ಮೊಣಕೈ ಹಿಡಿದು ಬಂದು, ನನ್ನ ಕಡೆ ತಿರುಗದೆ ಒಳಗೆ ಹೋದಳು.

"ಪುಟ್ಟಸ್ವಾಮಿ ಪರದೆ ಆಚೆಗೇ ಇದ್ರು" ಅಂದೆ. "ನಿಂಗೆ ಗೊತ್ತಿತ್ತಾ?"

"ಬಾಗಿಲಲ್ಲಿ ಚಪ್ಪಲಿ ನೋಡಿದ್ದೆ."

"ಹೇಳಬಾರ್ದಾಗಿತ್ತಾ?"

"ಯಾಕೆ?"

ಅವಳು ಮಾಡಿನ ಕಂಬಕ್ಕೆ ಒರಗಿ ರೈನ್‌ಕೋಟು ಹಾಕಿಕೊಂಡಳು. ಯಾವಾಗಲೂ ಎಡಗೈ ಹಿಂದಕ್ಕೆ ಎತ್ತುವಾಗ ಹಲ್ಲು ಕಚ್ಚುತ್ತಾಳೆ. ಈಗ ಕಚ್ಚಿದಳೋ ಇಲ್ಲವೋ, ನಾನು ಸರಿಯಾಗಿ ನೋಡಲಿಲ್ಲ.

"ಎಷ್ಟೊತ್ತಾಯ್ತು ನಾನು ಒಳಗೆ?"

"ಎರಡು ಗಂಟೆ ಹತ್ರ."

"ನಿದ್ದೆ ಬಂದ್ಬಿಟ್ಟಿತ್ತು" ಅಂದಳು, ತನಗೇ ಆಶ್ಚರ್ಯವಾದವಳಂತೆ. "ಬೋರಲಾಗಿ ಮಲ್ಗಿ ನಿದ್ದೆ ಮಾಡಿ ಎಷ್ಟು ವರ್ಷ ಆಗಿತ್ತೋ. ಕನಸೂ ಬಿದ್ದಿಲ್ಲ."

ನನಗೆ ಎದೆ ಹಗುರಾಯಿತು. ಹೇಳಿದೆ, ಹೇಳಿದ್ದರಿಂದ ಅವಳಿಗೆ ಒಳ್ಳೆಯದಾಯಿತು, ಇನ್ನು ಎಲ್ಲ ಸರಿಹೋಗುತ್ತದೆ ಎಂದು ಒಂದು ಗಳಿಗೆ ಅನ್ನಿಸಿಯೇಬಿಟ್ಟಿತು. ಆ ಸಂತೋಷವನ್ನು ಮುಚ್ಚಿಕೊಳ್ಳಲು, "ಆ ಲಾನ್ ಕೈಗುಣ ಚೆನ್ನಾಗಿದೆ ಬಿಡು" ಅಂದೆ.

ಮಂಗಳಾ ರೈನ್‌ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿ ಮುಗಿಸಿದಳು.

"ಕೈ ನಿನ್ನೇನೂ ಅದೇ ಇತ್ತು" ಅಂದಳು. "ನಿನ್ನೆ ನೀವು ಒಳಗಿದ್ರಿ."